ಬೆಳಿಗ್ಗೆ ಕುಂಬಾರರ ತಿಗರಿ, ಮಧ್ಯಾಹ್ನ ಮರಾಕಸ್ ಕಡಲು: ಟ್ರಿನಿಡಾಡ್‌ನಲ್ಲಿ ಒಂದು ದಿನ

ಕ್ರಿಕೆಟ್ ನೋಡಲು ವೆಸ್ಟ್ ಇಂಡೀಸ್‌ಗೆ ಹೊರಟವರು, ಅಮೆರಿಕದ ಮಕ್ಕಳ ಮನೆಯಿಂದ ಹಡಗಿನ ಪ್ರವಾಸಕ್ಕೆ ಹೋಗುವ ಹಿರಿಯರು, ತೈಲ ಮತ್ತು ಅನಿಲ ಕಂಪನಿಗಳ ಕೆಲಸದ ಮೇಲೆ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಇರಬೇಕಾದವರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಕೈಯಲ್ಲಿರುವುದು ಒಂದು ದಿನ. ಹಣತೆ ಮಾಡುವ ಅಲ್ಲಿನ ಕುಂಬಾರರನ್ನೂ ನೋಡಬೇಕು, ಕೆರಿಬಿಯನ್ ಸಮುದ್ರದಲ್ಲೂ ಇಳಿಯಬೇಕು, ಆಗುತ್ತದೆಯೇ?

ಆಗುತ್ತದೆ. ಟ್ರಿನಿಡಾಡ್ ದೊಡ್ಡ ದ್ವೀಪವಲ್ಲ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್. ಆದರೆ ದಿನದ ಕ್ರಮ ತಪ್ಪಿದರೆ ಅರ್ಧ ದಿನ ಹೆದ್ದಾರಿಯಲ್ಲೇ ಕಳೆಯುತ್ತದೆ. ಕುಂಬಾರರಿರುವುದು ರಾಜಧಾನಿಯ ದಕ್ಷಿಣಕ್ಕೆ, ಒಳ್ಳೆಯ ಕಡಲತೀರವಾದ ಮರಾಕಸ್ ಇರುವುದು ಉತ್ತರಕ್ಕೆ, ನಡುವೆ ಪೋರ್ಟ್ ಆಫ್ ಸ್ಪೇನ್. ಬೆಳಿಗ್ಗೆ ಇಡೀ ಊರಿನ ವಾಹನಗಳು ದಕ್ಷಿಣದಿಂದ ರಾಜಧಾನಿಗೆ ನುಗ್ಗುತ್ತವೆ, ಸಂಜೆ ಅದೇ ಸಾಲು ಹಿಂದಿರುಗುತ್ತದೆ. ಆದ್ದರಿಂದ ಬೆಳಿಗ್ಗೆ ದಕ್ಷಿಣ, ಮಧ್ಯಾಹ್ನ ಉತ್ತರ. ಈ ಲೇಖನದ ಉಳಿದದ್ದೆಲ್ಲ ಈ ಒಂದು ಮಾತಿನ ವಿಸ್ತಾರ ಎಂದರೂ ಸರಿಯೇ. ನೀವು ಪೋರ್ಟ್ ಆಫ್ ಸ್ಪೇನ್‌ನಲ್ಲಿ ತಂಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ.

ಕುಂಬಾರರು ಅಲ್ಲಿಗೆ ಹೇಗೆ ಬಂದರು ಎಂಬುದನ್ನು ಮೊದಲೇ ತಿಳಿದಿದ್ದರೆ ಅವರ ಜೊತೆ ಮಾತಾಡುವುದು ಸುಲಭ. 1845ರ ಮೇ 30ರಂದು ‘ಫತೇಲ್ ರಜಾಕ್’ ಎಂಬ ಹಡಗು ಕಲ್ಕತ್ತದಿಂದ ಮೊದಲ ಭಾರತೀಯ ಕೂಲಿಗಳನ್ನು ತಂದು ಟ್ರಿನಿಡಾಡ್‌ನಲ್ಲಿ ಇಳಿಸಿತು. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಗಿತ್ತು. ಕರಾರಿಗೆ ಹೆಬ್ಬೆಟ್ಟು ಒತ್ತಿಸಿ ಕರೆತರುವ ಈ ಪದ್ಧತಿ 1917ರವರೆಗೆ ನಡೆಯಿತು. ಅಷ್ಟರಲ್ಲಿ ಸುಮಾರು 1,44,000 ಜನ ಬಂದಿದ್ದರು. ಹೆಚ್ಚಿನವರು ಇಂದಿನ ಬಿಹಾರ ಮತ್ತು ಉತ್ತರ ಪ್ರದೇಶದವರು. ಮದ್ರಾಸ್ ಬಂದರಿನಿಂದ ಹೋದವರೂ ಇದ್ದರು. 2011ರ ಜನಗಣತಿಯಂತೆ ದೇಶದ ಶೇಕಡಾ 35ರಷ್ಟು ಜನ ಭಾರತೀಯ ಮೂಲದವರು. ಕಬ್ಬಿನ ಬಯಲಾಗಿದ್ದ ನಡು ಟ್ರಿನಿಡಾಡ್‌ನಲ್ಲಿ, ಚಗ್ವಾನಸ್ ಪಟ್ಟಣದ ಸುತ್ತ, ಕುಂಬಾರಿಕೆ ಉಳಿದುಕೊಂಡದ್ದು ಹೀಗೆ.

ಹೊರಡುವ ಮುನ್ನ: ಕಾಗದ, ಚುಚ್ಚುಮದ್ದು, ಹಣ

ಪ್ರವಾಸಕ್ಕೆ ಹೋಗುವ ಭಾರತೀಯ ಪಾಸ್‌ಪೋರ್ಟಿನವರಿಗೆ ಟ್ರಿನಿಡಾಡ್ ವೀಸಾ ಕೇಳುವುದಿಲ್ಲ. 90 ದಿನಗಳವರೆಗೆ ಇರಬಹುದು. ಹಿಂದಿರುಗುವ ಟಿಕೆಟ್ ಮತ್ತು ತಂಗುವ ವಿಳಾಸ ಕೈಯಲ್ಲಿರಲಿ. ತೊಡಕಿರುವುದು ದಾರಿಯಲ್ಲಿ. ಭಾರತದಿಂದ ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಹೋಗುವುದಾದರೆ ವಿಮಾನ ಬದಲಿಸಲಿಕ್ಕೂ ಅಮೆರಿಕದ ವೀಸಾ ಬೇಕು. ‘ವೀಸಾ ಬೇಡದ ದೇಶ’ ಎಂದು ಓದಿ ಟಿಕೆಟ್ ಕೊಂಡವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುವುದು ಈ ಕಾರಣಕ್ಕೆ.

ಅದಕ್ಕಿಂತ ಹೆಚ್ಚು ಜನ ಮರೆಯುವುದು ಹಳದಿ ಜ್ವರದ ಚುಚ್ಚುಮದ್ದು. ಇದು ಸೊಳ್ಳೆಯಿಂದ ಹರಡುವ ರೋಗ. ನಮ್ಮ ದೇಶದಲ್ಲಿಲ್ಲ, ಒಳಗೆ ಬರಬಾರದೆಂದು ಸರ್ಕಾರ ಬಿಗಿಯಾಗಿದೆ. ಟ್ರಿನಿಡಾಡ್ ಈ ರೋಗದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು ಆರು ದಿನಗಳೊಳಗೆ ಭಾರತಕ್ಕೆ ಬಂದಿಳಿಯುವವರು ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡು ಹತ್ತು ದಿನಗಳಾದ ಮೇಲೆ ಪ್ರಮಾಣಪತ್ರ ಚಾಲ್ತಿಗೆ ಬರುತ್ತದೆ, ನಂತರ ಜೀವಮಾನವಿಡೀ ನಡೆಯುತ್ತದೆ. ಯಾವುದೋ ಕ್ಲಿನಿಕ್ಕಿನ ಚೀಟಿ ನಡೆಯದು. ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಂಡು ಹಳದಿ ಪುಸ್ತಿಕೆ ಪಡೆಯಬೇಕು. 60 ವರ್ಷ ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಹಣದ ವಿಷಯ ಚುಟುಕಾಗಿ: ಅಲ್ಲಿನ ನಾಣ್ಯ ಟ್ರಿನಿಡಾಡ್ ಮತ್ತು ಟೊಬೇಗೊ ಡಾಲರ್. ಕುಂಬಾರರು, ರಸ್ತೆ ಬದಿಯ ತಿಂಡಿಯವರು, ಬಾಡಿಗೆ ಕಾರಿನವರು ನಗದು ಕೇಳುತ್ತಾರೆ. ಒಮ್ಮೆಗೇ ಹೆಚ್ಚು ಬದಲಿಸಿಕೊಳ್ಳಬೇಡಿ. ದೇಶದಲ್ಲಿ ಅಮೆರಿಕನ್ ಡಾಲರಿನ ಕೊರತೆ ವರ್ಷಗಳಿಂದ ಇದೆ, ಉಳಿದ ಹಣವನ್ನು ಹಿಂದಕ್ಕೆ ಬದಲಿಸಿಕೊಳ್ಳುವುದು ತಲೆನೋವು.

ಬಟ್ಟೆಯಲ್ಲಿ ಒಂದು ಎಚ್ಚರ. ಸೈನಿಕರ ಸಮವಸ್ತ್ರದಂತೆ ಹಸಿರು-ಕಂದು ಮಚ್ಚೆಗಳ ಚಿತ್ತಾರವಿರುವ ಅಂಗಿ, ಚಡ್ಡಿ, ಟೋಪಿ, ಬ್ಯಾಗು, ಯಾವುದೂ ಬೇಡ. ಸಾಮಾನ್ಯ ಜನ ಅದನ್ನು ತೊಡುವುದು ಅಲ್ಲಿ ಕಾನೂನುಬಾಹಿರ. ಮಕ್ಕಳ ಬಟ್ಟೆಗಳನ್ನೂ ಒಮ್ಮೆ ನೋಡಿಕೊಳ್ಳಿ.

ಯಾವ ದಿನ ಆರಿಸಬೇಕು

ಜನವರಿಯಿಂದ ಮೇವರೆಗೆ ಒಣ ಹವೆ, ಜೂನ್‌ನಿಂದ ಡಿಸೆಂಬರ್‌ವರೆಗೆ ಮಳೆ. ಕಡಲಿಗಷ್ಟೇ ಹೋಗುವವರಿಗೆ ಒಣಗಾಲವೇ ಸರಿ. ಆದರೆ ಹಣತೆಯ ಕೆಲಸ ಭರದಿಂದ ನಡೆಯುವುದು ದೀಪಾವಳಿಗೆ ಮುಂಚಿನ ವಾರಗಳಲ್ಲಿ, ಅಂದರೆ ಮಳೆಗಾಲದಲ್ಲಿ. ನನ್ನನ್ನು ಕೇಳಿದರೆ ಮಳೆಯ ಅಪಾಯ ತೆಗೆದುಕೊಂಡಾದರೂ ಆ ಹೊತ್ತಿಗೇ ಹೋಗಬೇಕು. ಟ್ರಿನಿಡಾಡ್‌ನಲ್ಲಿ ದೀಪಾವಳಿಗೆ 1966ರಿಂದ ಸಾರ್ವಜನಿಕ ರಜೆಯಿದೆ. ಚಗ್ವಾನಸ್ ಸುತ್ತಲಿನ ಹಳ್ಳಿಗಳಲ್ಲಿ ಬಿದಿರನ್ನು ಸೀಳಿ, ಬಗ್ಗಿಸಿ, ಕಮಾನು ಕಟ್ಟಿ, ಅದರ ಮೇಲೆ ಸಾಲಾಗಿ ಕೊಬ್ಬರಿ ಎಣ್ಣೆಯ ಹಣತೆ ಇಡುತ್ತಾರೆ. ಹಬ್ಬಕ್ಕೆ ಮುಂಚಿನ ಒಂಬತ್ತು ರಾತ್ರಿ ಚಗ್ವಾನಸ್‌ನಲ್ಲಿ ‘ದಿವಾಲಿ ನಗರ’ ಎಂಬ ಮೇಳ ನಡೆಯುತ್ತದೆ. ಅದು 1986ರಲ್ಲಿ ಶುರುವಾದದ್ದು. ಹಬ್ಬದ ಹಿಂದಿನ ಎರಡು ಮೂರು ದಿನ ಮಾತ್ರ ಬೇಡ. ಕುಂಬಾರರಿಗೆ ತಲೆ ಎತ್ತಲೂ ಬಿಡುವಿರುವುದಿಲ್ಲ, ರಸ್ತೆಯಲ್ಲಿ ಕಾರು ಅಲುಗುವುದಿಲ್ಲ.

ವಾರದ ದಿನ ಹೋಗಿ, ಭಾನುವಾರ ಬೇಡ. ಭಾನುವಾರ ಕುಂಬಾರರ ಅಂಗಡಿ ಮುಚ್ಚಿರಬಹುದು, ಅದೇ ದಿನ ರಾಜಧಾನಿಯ ಅರ್ಧ ಜನ ಮರಾಕಸ್‌ನಲ್ಲಿರುತ್ತಾರೆ. ಕಾರ್ನಿವಲ್‌ನ ಮಾರನೆಯ ದಿನವಾದ ಬೂದಿ ಬುಧವಾರವನ್ನೂ ಬಿಡಿ. ಎರಡು ದಿನ ಕುಣಿದು ದಣಿದವರು ಅಂದು ಕಡಲಿಗೆ ಹೋಗುವುದು ಅಲ್ಲಿನ ವಾಡಿಕೆ.

ಹೊರಡುವ ವಾರ ಸುದ್ದಿ ನೋಡಿ. ಗುಂಪುಗಳ ಹೊಡೆದಾಟ ಮತ್ತು ಕೊಲೆಗಳ ಕಾರಣಕ್ಕೆ 2024ರ ಡಿಸೆಂಬರ್ ಕೊನೆಯಲ್ಲಿ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತ್ತು, 2025ರಲ್ಲಿ ಮತ್ತೊಮ್ಮೆ. ಹಗಲಿನ ಪ್ರವಾಸ ಅದರಿಂದ ನಿಲ್ಲುವುದಿಲ್ಲ. ಆದರೆ ಪಾಸ್‌ಪೋರ್ಟಿನ ಪ್ರತಿ ಜೇಬಿನಲ್ಲಿರಬೇಕು, ಕತ್ತಲಾಗುವ ಮುನ್ನ ಕೋಣೆ ಸೇರಬೇಕು.

1. ವಾಹನ ಗೊತ್ತುಮಾಡಿಕೊಳ್ಳಿ

ಮೂರು ದಾರಿಗಳಿವೆ. ಮೊದಲನೆಯದು, ಚಾಲಕನ ಸಮೇತ ಇಡೀ ದಿನಕ್ಕೆ ಕಾರು. ಮೂರು ನಾಲ್ಕು ಜನರಿದ್ದರೆ ಇದೇ ಒಳ್ಳೆಯದು. ಹೋಟೆಲಿನವರ ಮೂಲಕ ಹಿಂದಿನ ದಿನವೇ ಮಾತಾಡಿ, ಕುಂಬಾರರ ಊರು, ಗುಡಿಯ ಊರು, ಕಡಲತೀರ ಮೂರನ್ನೂ ಹೆಸರಿಸಿ ‘ಚೇಸ್ ವಿಲೇಜ್, ವಾಟರ್‌ಲೂ, ಮರಾಕಸ್, ಕಾಯುವ ಸಮಯವೂ ಸೇರಿ’ ಎಂದು ಬಿಡಿಸಿ ಹೇಳಿ ಒಟ್ಟು ಮೊತ್ತ ನಿಗದಿ ಮಾಡಿಕೊಳ್ಳಿ. ಮೀಟರ್ ಎಂಬುದು ಅಲ್ಲಿಲ್ಲ. ಬಾಡಿಗೆ ವಾಹನದ ನೋಂದಣಿ ಫಲಕ ‘ಎಚ್’ ಅಕ್ಷರದಿಂದ ಶುರುವಾಗುತ್ತದೆ. ‘ಪಿ’ ಎಂದಿದ್ದರೆ ಅದು ಖಾಸಗಿ ಕಾರು. ಅಂಥ ಕಾರುಗಳೂ ಬಾಡಿಗೆ ಹೊಡೆಯುತ್ತವೆ, ಊರಿನವರು ಹತ್ತುತ್ತಾರೆ, ನೀವು ಹತ್ತಬೇಡಿ.

ಎರಡನೆಯದು, ನೀವೇ ಓಡಿಸುವುದು. ನಮ್ಮಂತೆಯೇ ರಸ್ತೆಯ ಎಡಬದಿ, ಸ್ಟಿಯರಿಂಗ್ ಬಲಕ್ಕೆ. ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಒಯ್ಯಿರಿ. ಮರಾಕಸ್ ದಾರಿಯ ತಿರುವುಗಳು ಆಗುಂಬೆ, ಚಾರ್ಮಾಡಿಯಲ್ಲಿ ಓಡಿಸಿದವರಿಗೆ ಹೊಸದೇನಲ್ಲ.

ಮೂರನೆಯದು ಮ್ಯಾಕ್ಸಿ ಟ್ಯಾಕ್ಸಿ, ಅಂದರೆ ನಿಗದಿತ ದಾರಿಯಲ್ಲಿ ಓಡುವ ಬಿಳಿ ಬಣ್ಣದ ಮಿನಿ ಬಸ್. ಮೈಮೇಲಿನ ಪಟ್ಟಿಯ ಬಣ್ಣ ನೋಡಿ ಹತ್ತಬೇಕು. ಹಸಿರು ಪಟ್ಟಿ ಚಗ್ವಾನಸ್ ಮತ್ತು ಸ್ಯಾನ್ ಫರ್ನಾಂಡೊ ಕಡೆಗೆ, ಕೆಂಪು ಪೂರ್ವಕ್ಕೆ, ಹಳದಿ ರಾಜಧಾನಿ ಮತ್ತು ಅದರ ಪಶ್ಚಿಮಕ್ಕೆ. ಹಸಿರು ಮತ್ತು ಕೆಂಪು ಪಟ್ಟಿಯವು ಹೊರಡುವುದು ಪೋರ್ಟ್ ಆಫ್ ಸ್ಪೇನ್‌ನ ಸಿಟಿ ಗೇಟ್ ನಿಲ್ದಾಣದಿಂದ. ಅಗ್ಗ, ವೇಗ, ಹಾಡಂತೂ ಕಿವಿ ತುಂಬ. ಚಗ್ವಾನಸ್‌ಗೆ ಇದು ಧಾರಾಳವಾಗಿ ಸಾಕು. ಮರಾಕಸ್‌ಗೆ ಮಾತ್ರ ಇದನ್ನು ನಂಬಿಕೊಂಡು ಹೊರಡಬೇಡಿ. ಹೋಗುವಾಗ ಸಿಕ್ಕರೂ ಬರುವಾಗ ಸಿಗುವ ಭರವಸೆಯಿಲ್ಲ.

2. ಏಳಕ್ಕೆ ಹೊರಟು ದಾರಿಯಲ್ಲಿ ತಿಂಡಿ

ಏಳು ಗಂಟೆಗೆ ಹೊರಟರೆ ಎದುರು ಬದಿಯ ಸಾಲು ತೆವಳುತ್ತಿರುವಾಗ ನೀವು ಆರಾಮವಾಗಿ ದಕ್ಷಿಣಕ್ಕೆ ಸಾಗುತ್ತೀರಿ. ಹೋಟೆಲಿನ ತಿಂಡಿ ಬಿಟ್ಟು ರಸ್ತೆ ಬದಿಯ ‘ಡಬಲ್ಸ್’ ತಿನ್ನಿ. ಅರಿಸಿನ ಹಾಕಿದ ಹಿಟ್ಟಿನ ಎರಡು ಮೆತ್ತನೆಯ ಕರಿದ ರೊಟ್ಟಿ, ನಡುವೆ ಕಡಲೆಕಾಳಿನ ಗೊಜ್ಜು, ಮೇಲೆ ಸೌತೆಕಾಯಿ ಮತ್ತು ಹುಣಿಸೆ ಚಟ್ನಿ. ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ನಿಂತೇ ತಿನ್ನಬೇಕು. ಅಪ್ಪಟ ಸಸ್ಯಾಹಾರ. ಹತ್ತು ಗಂಟೆಯ ಮೇಲೆ ಒಳ್ಳೆಯ ಗಾಡಿಗಳಲ್ಲಿ ಮುಗಿದಿರುತ್ತದೆ.

ಕೊಡುವವನು ‘ಪೆಪ್ಪರ್?’ ಎಂದು ಕೇಳುತ್ತಾನೆ. ‘ಸ್ಲೈಟ್’ ಎನ್ನಿ. ಜಗತ್ತಿನ ಅತಿ ಖಾರದ ಮೆಣಸಿನಕಾಯಿಗಳಲ್ಲೊಂದಾದ ಮೊರುಗಾ ಸ್ಕಾರ್ಪಿಯನ್ ಈ ದ್ವೀಪದ್ದು. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿಯಲ್ಲಿ ಬೆಳೆದ ನಾಲಿಗೆ ಇಲ್ಲಿ ಧೈರ್ಯ ತೋರಿಸುವ ಅಗತ್ಯವಿಲ್ಲ.

3. ಚೇಸ್ ವಿಲೇಜ್: ಕುಂಬಾರರ ಬಳಿ

ಚಗ್ವಾನಸ್ ದಾಟಿದೊಡನೆ ಚೇಸ್ ವಿಲೇಜ್ ಮತ್ತು ಎಡಿನ್‌ಬರ್ಗ್ ಎಂಬ ಊರುಗಳ ಆಸುಪಾಸಿನಲ್ಲಿ ಮಡಕೆ, ಹೂಕುಂಡ, ಗಾಳಿಗೆ ಕಿಣಿಕಿಣಿ ಎನ್ನುವ ಮಣ್ಣಿನ ಗಂಟೆಗಳನ್ನು ರಸ್ತೆಗೆ ಕಾಣುವಂತೆ ತೂಗುಹಾಕಿದ ಅಂಗಡಿಗಳಿವೆ. ಮುಂದೆ ಅಂಗಡಿ, ಹಿಂದೆ ಕೆಲಸದ ಮನೆ. ಮುಂದಿನದನ್ನಷ್ಟೇ ನೋಡಿ ಹೊರಟುಹೋಗುವುದು ಹೆಚ್ಚಿನವರು ಮಾಡುವ ತಪ್ಪು. ಹಿಂದಿನದನ್ನು ನೋಡಲು ಕೇಳಬೇಕು.

ಕೇಳುವ ಬಗೆಯೂ ಇದೆ. ಒಳಗೆ ಕಾಲಿಟ್ಟ ಕೂಡಲೇ ಎಲ್ಲರಿಗೂ ಕೇಳುವಂತೆ ‘ಗುಡ್ ಮಾರ್ನಿಂಗ್’ ಹೇಳಿ. ಟ್ರಿನಿಡಾಡ್‌ನಲ್ಲಿ ಅಂಗಡಿಯಿರಲಿ, ಮ್ಯಾಕ್ಸಿ ಇರಲಿ, ಇಷ್ಟನ್ನೂ ಹೇಳದೆ ನೇರವಾಗಿ ಬೆಲೆ ಕೇಳುವವನನ್ನು ಒರಟನೆಂದು ಬಗೆಯುತ್ತಾರೆ. ಹಿರಿಯರನ್ನು ಅಂಕಲ್, ಆಂಟಿ ಎನ್ನಬಹುದು. ಮುಖ ನಮ್ಮವರಂತಿದೆ, ಹೆಸರು ರಾಮ್ ಎಂದೋ ಸೀತಾ ಎಂದೋ ಇದೆ ಎಂದು ಹಿಂದಿಯಲ್ಲಿ ಶುರುಮಾಡಬೇಡಿ. ಅವರ ಮಾತು ಇಂಗ್ಲಿಷ್, ಅದೂ ಅಲ್ಲಿನದೇ ಲಯದ ಇಂಗ್ಲಿಷ್. ಭಜನೆ, ಹಳೆಯ ಸಿನಿಮಾ ಹಾಡು ಬಾಯಿಪಾಠ ಇದ್ದರೂ ಹಿಂದಿ ಆಡುವವರು ಬಲು ಕಡಿಮೆ. ‘ನೀವು ಭಾರತದವರೇ’ ಎಂದು ಹೇಳುವುದು ನಮಗೆ ಪ್ರೀತಿಯ ಮಾತು. ಐದಾರು ತಲೆಮಾರಿನಿಂದ ಅಲ್ಲೇ ಇರುವ ಅವರಿಗೆ ಅದು ಅಷ್ಟೇನೂ ಹಿತವಾಗಬೇಕಿಲ್ಲ.

ಈಗ ಏನನ್ನು ನೋಡಬೇಕು. ಹತ್ತಿರದಲ್ಲೇ ಅಗೆದ ಜೇಡಿಮಣ್ಣನ್ನು ನೆನೆಹಾಕಿ, ಕಲ್ಲು ಬೇರು ತೆಗೆದು, ತುಳಿದು ಹದ ಮಾಡಿರುತ್ತಾರೆ. ಹಣತೆ ಮಾಡುವವನು ತಿಗರಿಯ ಮೇಲೆ ಒಂದು ಹಣತೆಗಾಗುವಷ್ಟು ಮಣ್ಣನ್ನು ಇಡುವುದಿಲ್ಲ. ದೊಡ್ಡದೊಂದು ಮುದ್ದೆಯನ್ನು ಗೋಪುರದಂತೆ ನಿಲ್ಲಿಸಿ, ತುದಿಯಲ್ಲಿ ಮಾತ್ರ ಕೈಯಾಡಿಸುತ್ತಾನೆ. ಹೆಬ್ಬೆರಳು ತುದಿಯ ನಡುವೆ ಇಳಿಯುತ್ತದೆ, ಬಟ್ಟಲು ಅರಳುತ್ತದೆ, ಅಂಚಿನ ಒಂದು ಕಡೆ ಬೆರಳು ಒತ್ತಿದರೆ ಬತ್ತಿ ಕೂರುವ ಮೂತಿ. ಕೆಳಗೆ ದಾರ ಸುತ್ತಿ ಎಳೆದರೆ ಹಣತೆ ಬಿಡಿಸಿಕೊಂಡು ಅಂಗೈಗೆ ಬರುತ್ತದೆ, ತಿಗರಿ ನಿಂತಿರುವುದೇ ಇಲ್ಲ. ಪಕ್ಕದ ಹಲಗೆಯ ಮೇಲೆ ಅದನ್ನಿಡುವಷ್ಟರಲ್ಲಿ ಇನ್ನೊಂದು ಕೈ ಮುಂದಿನದನ್ನು ಶುರುಮಾಡಿರುತ್ತದೆ. ಮಾತಾಡುತ್ತಲೇ, ನಿಮ್ಮ ಮುಖ ನೋಡುತ್ತಲೇ ಇದನ್ನು ಮಾಡುತ್ತಾರೆ. ತಿಗರಿ ಈಗ ಹೆಚ್ಚಾಗಿ ವಿದ್ಯುತ್ತಿನದು, ಕೈಕೆಲಸ ಹಳೆಯದೇ.

ಹಣತೆಗಳನ್ನು ಮೊದಲು ನೆರಳಿನಲ್ಲಿ ಒಣಗಿಸಿ ಆಮೇಲೆ ಆವಿಗೆಗೆ ಹಾಕುತ್ತಾರೆ. ಸೌದೆಯ ಆವಿಗೆ ಇಟ್ಟುಕೊಂಡವರು ಇಂದಿಗೂ ಇದ್ದಾರೆ. ಮಳೆಗಾಲದಲ್ಲಿ ಹಸಿ ಮಣ್ಣು ಒಣಗುವುದೇ ಪಾಡು. ಸರಿಯಾಗಿ ಒಣಗದ್ದನ್ನು ಸುಟ್ಟರೆ ಒಳಗಿನ ನೀರು ಆವಿಯಾಗಿ ಒಡೆಯುತ್ತದೆ. ದೀಪಾವಳಿಗೆ ಬೇಕಾದ ಸರಕನ್ನು ತಿಂಗಳುಗಳ ಮೊದಲೇ ಮಾಡಿ ಪೇರಿಸಿಡುವುದು ಇದಕ್ಕಾಗಿ.

ಕೇಳಿ ನೋಡಬೇಕಾದ ಇನ್ನೊಂದು ವಸ್ತು ತಾಸಾದ ಬುರುಡೆ. ಮದುವೆ ಮೆರವಣಿಗೆಯಲ್ಲೂ ಮುಸ್ಲಿಮರ ಮೊಹರಂ ಆಚರಣೆಯಾದ ‘ಹೊಸೆ’ಯಲ್ಲೂ ಬಾರಿಸುವ ತಾಸಾ ಎಂಬ ಚರ್ಮವಾದ್ಯದ ಒಡಲು ಸಾಂಪ್ರದಾಯಿಕವಾಗಿ ಮಣ್ಣಿನ ಬೋಗುಣಿ. ಅದರ ಮೇಲೆ ಮೇಕೆ ಚರ್ಮ ಬಿಗಿಯುತ್ತಾರೆ, ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಈಗ ಬೋಲ್ಟು ಬಿಗಿಯುವ ಲೋಹದ ತಾಸಾಗಳು ಬಂದಿವೆ. ಆದರೂ ಮಣ್ಣಿನದರ ನಾದವೇ ಬೇರೆ ಎನ್ನುವವರು ಅಲ್ಲಿ ಕಡಿಮೆಯಿಲ್ಲ.

ಕೊಳ್ಳುವಾಗ ಚೌಕಾಸಿ ಮಾಡಬೇಡಿ. ಹಣತೆಯ ಬೆಲೆ ಅಷ್ಟಕ್ಕೆ ಯೋಗ್ಯವೂ ಅಲ್ಲ. ಬೆರಳ ಗಂಟಿನಿಂದ ತಟ್ಟಿ ನೋಡಿ. ಠಣ್ ಎಂದರೆ ಚೆನ್ನಾಗಿ ಬೆಂದಿದೆ, ಮಂಕು ಸದ್ದು ಬಂದರೆ ಬಿರುಕಿದೆ. ಕಾಗದದಲ್ಲಿ ಒಂದೊಂದಾಗಿ ಸುತ್ತಿಸಿ, ಬೋಗುಣಿಯಂತೆ ಒಂದರೊಳಗೊಂದು ಕೂರಿಸಿ ಕಟ್ಟಿಸಿ. ಸುಡದ ಹಸಿ ಮಣ್ಣಿನ ವಸ್ತು ಬೇಡ. ವಿಮಾನ ನಿಲ್ದಾಣದಲ್ಲಿ ಮಣ್ಣು ಎಂದರೇ ಪ್ರಶ್ನೆ ಏಳುತ್ತದೆ. ಚರ್ಮ ಹೊದಿಸಿದ ತಾಸಾ ಕೊಂಡರೂ ಅದೇ ಪಾಡು. ಫೋಟೊ ತೆಗೆಯುವ ಮೊದಲು ಕೇಳಿ. ತಿಗರಿಯ ಮೇಲೆ ಕೈಯಾಡಿಸಲು ಬಿಟ್ಟರೆ ಅದಕ್ಕೆ ಪ್ರತ್ಯೇಕವಾಗಿ ಹಣ ಕೊಡಿ. ಅವರು ಕೇಳದಿದ್ದರೂ ಕೊಡಿ, ಅದು ಅವರ ಕೆಲಸದ ಹೊತ್ತು.

ಇಲ್ಲಿಗೆ ಒಂದೂವರೆ ಗಂಟೆ ಮೀಸಲಿಡಿ.

4. ಹತ್ತಿರದ ಎರಡು ಗುಡಿಗಳು, ಬೇಕಿದ್ದರೆ

ಚೇಸ್ ವಿಲೇಜ್‌ನಿಂದ ಸ್ವಲ್ಪ ದೂರದಲ್ಲೇ ಕರಪಿಚೈಮಾ ಇದೆ. ಅಲ್ಲಿನ ದತ್ತಾತ್ರೇಯ ಮಂದಿರದ ಮುಂದೆ 85 ಅಡಿ ಎತ್ತರದ ಹನುಮಂತನ ಮೂರ್ತಿ ನಿಂತಿದೆ. ಮಂದಿರ ದಕ್ಷಿಣ ಭಾರತದ ಶೈಲಿಯದು, ಮೂಲ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಅವಧೂತ ದತ್ತಪೀಠ. ಕನ್ನಡಿಗರಿಗೆ ಇದು ಅನಿರೀಕ್ಷಿತ ಗುರುತು. ಮಧ್ಯಾಹ್ನಕ್ಕೆ ಮುಂಚೆಯೇ ಮುಗಿಸಿಕೊಳ್ಳಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ, ಕಡಲಿನ ಉಡುಪನ್ನು ಚೀಲದಲ್ಲೇ ಇಡಿ.

ಅಲ್ಲಿಂದ ಪಶ್ಚಿಮಕ್ಕೆ ವಾಟರ್‌ಲೂ. ಶಿವದಾಸ್ ಸಾಧು ಎಂಬ ಕಬ್ಬಿನ ತೋಟದ ಕೂಲಿ 1947ರಲ್ಲಿ ಇಲ್ಲಿ ಕಟ್ಟಿದ ಗುಡಿ ಸಕ್ಕರೆ ಕಂಪನಿಯ ಜಾಗದಲ್ಲಿದೆ ಎಂದು ಅದನ್ನು ಕೆಡವಿ ಅವರನ್ನು ಜೈಲಿಗೆ ಕಳಿಸಿದರು. ನೆಲ ಕಂಪನಿಯದಾದರೆ ಸಮುದ್ರ ಯಾರದೂ ಅಲ್ಲವಲ್ಲ ಎಂದು ಅವರು ನೀರಿನೊಳಗೆ ಕಲ್ಲು ಮಣ್ಣು ಹೊತ್ತು ಹಾಕುತ್ತಾ ಎರಡು ದಶಕಕ್ಕೂ ಹೆಚ್ಚು ಕಾಲ ಹೊಸ ಗುಡಿ ಕಟ್ಟಿದರು. ಈಗ ಕಾಣುವುದು 1995ರಲ್ಲಿ ಪುನಃ ಕಟ್ಟಿದ ಕಟ್ಟಡ. ಬಾಗಿಲು ಎಲ್ಲ ದಿನ ತೆರೆದಿರುವುದಿಲ್ಲ, ಹೊರಗಿನಿಂದ ನೋಡಿದರೂ ಬಂದದ್ದು ಸಾರ್ಥಕ. ಪಕ್ಕದಲ್ಲೇ ಚಿತೆ ಸುಡುವ ಜಾಗವಿದೆ. ಅಂತ್ಯಕ್ರಿಯೆ ನಡೆಯುತ್ತಿದ್ದರೆ ಕ್ಯಾಮೆರಾ ಒಳಗಿಡಿ.

ಇಲ್ಲಿ ನೀರು ಕಂಡು ‘ಕೆರಿಬಿಯನ್ ನೋಡಿದೆವು’ ಎಂದುಕೊಂಡು ಹೊರಟವರೂ ಇದ್ದಾರೆ. ಇದು ಪಾರಿಯಾ ಕೊಲ್ಲಿ. ವೆನೆಜುವೆಲಾ ಮತ್ತು ಟ್ರಿನಿಡಾಡ್ ನಡುವಿನ ಆಳವಿಲ್ಲದ, ಕೆಸರು ಬಣ್ಣದ ನೀರು. ಪೂರ್ವದ ಮಂಜನಿಲ್ಲಾ, ಮಾಯಾರೊ ತೀರಗಳು ಅಟ್ಲಾಂಟಿಕ್ ಸಾಗರದವು. ಕೆರಿಬಿಯನ್ ಸಮುದ್ರ ಬೇಕೆಂದರೆ ಉತ್ತರದ ಬೆಟ್ಟಸಾಲು ದಾಟಲೇಬೇಕು.

ಸಮಯ ಹನ್ನೊಂದು ದಾಟಿದ್ದರೆ ಎರಡರಲ್ಲಿ ಒಂದನ್ನು ಬಿಡಿ.

5. ಊಟ ಕಟ್ಟಿಸಿಕೊಂಡು ಉತ್ತರಕ್ಕೆ

ಸಸ್ಯಾಹಾರಿಗಳು ಈ ಹಂತ ಬಿಟ್ಟರೆ ಮರಾಕಸ್‌ನಲ್ಲಿ ಬಿಸ್ಕತ್ತು ತಿನ್ನಬೇಕಾಗುತ್ತದೆ. ಚಗ್ವಾನಸ್‌ನ ರೊಟ್ಟಿ ಅಂಗಡಿಯಲ್ಲಿ ಊಟ ಕಟ್ಟಿಸಿಕೊಳ್ಳಿ. ‘ದಾಲ್‌ಪುರಿ’ ಎಂದರೆ ಒಳಗೆ ಬೇಳೆಪುಡಿ ತುಂಬಿದ ದೊಡ್ಡ ರೊಟ್ಟಿ, ‘ಬಸ್-ಅಪ್-ಶಟ್’ ಎಂದರೆ ಕಾವಲಿಯ ಮೇಲೆಯೇ ಬಡಿದು ಚಿಂದಿ ಮಾಡಿದ ಪರೋಟ. ಜೊತೆಗೆ ಕುಂಬಳದ ಪಲ್ಯ, ಅಲಸಂದೆ, ಸುಟ್ಟ ಬದನೆಯ ‘ಚೋಕಾ’. ‘ವೆಜಿಟೇರಿಯನ್’ ಎಂದು ಹೇಳಿ ಸುಮ್ಮನಾಗದೆ ಮೀನು, ಕೋಳಿಯ ರಸ ಬೇಡ ಎಂದೂ ಹೇಳಿ.

ರಾಜಧಾನಿಯನ್ನು ಕ್ವೀನ್ಸ್ ಪಾರ್ಕ್ ಸವಾನ್ನಾ ಮೈದಾನದ ಮಗ್ಗುಲಿಂದ ದಾಟಿ ಮರವಾಲ್ ಕಡೆಗೆ ತಿರುಗಬೇಕು. ಮೈದಾನದ ಸುತ್ತ ಎಳನೀರು ಸಿಗುತ್ತದೆ. ಸ್ವಲ್ಪ ಬಳಸಿದರೆ ಕ್ವೀನ್ಸ್ ಪಾರ್ಕ್ ಓವಲ್. 1976ರಲ್ಲಿ ಭಾರತ ನಾಲ್ಕನೇ ಇನಿಂಗ್ಸ್‌ನಲ್ಲಿ 403 ರನ್‌ಗಳ ಗುರಿ ಬೆನ್ನಟ್ಟಿ ಗೆದ್ದದ್ದು, ನಮ್ಮ ಗುಂಡಪ್ಪ ವಿಶ್ವನಾಥ್ 112 ಹೊಡೆದದ್ದು ಇದೇ ಅಂಗಳದಲ್ಲಿ. ಕಾರಿನಿಂದಲೇ ನೋಡಿ ಮುಂದೆ ಹೋಗಿ.

ಮರವಾಲ್ ಆದ ಮೇಲೆ ಉತ್ತರ ಕರಾವಳಿ ರಸ್ತೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಪಶ್ಚಿಮದ ಚಗ್ವಾರಾಮಸ್ ತೀರವನ್ನು ನೆಲೆಯಾಗಿ ತೆಗೆದುಕೊಂಡಿತು. ಊರಿನವರ ಸ್ನಾನದ ತೀರ ಹೋಯಿತು. ಅದಕ್ಕೆ ಬದಲಾಗಿ ಅದೇ ಸೇನೆ ಬೆಟ್ಟ ಕಡಿದು ಮಾಡಿಕೊಟ್ಟ ದಾರಿ ಇದು. ಹೊಟ್ಟೆ ತೊಳಸುವವರು ಮುಂದಿನ ಸೀಟಿನಲ್ಲಿ ಕೂರಲಿ, ಊಟ ಕಡಲು ಮುಟ್ಟಿದ ಮೇಲಿರಲಿ. ನಡುವೆ ವೀಕ್ಷಣಾ ಸ್ಥಳವೊಂದಿದೆ. ಅಲ್ಲಿ ‘ಚೌ’ ಮಾರುತ್ತಾರೆ. ಅನಾನಸ್ ಅಥವಾ ಮಾವಿನ ಹೋಳಿಗೆ ಉಪ್ಪು, ಬೆಳ್ಳುಳ್ಳಿ, ಮೆಣಸಿನಕಾಯಿ ಮತ್ತು ‘ಶಾಡೊ ಬೆನಿ’ ಎಂಬ ಉದ್ದೆಲೆಯ ಕೊತ್ತಂಬರಿ ಜಾತಿಯ ಸೊಪ್ಪು ಬೆರೆಸಿದ್ದು. ನಮ್ಮ ಅಮಟೆಕಾಯಿಯ ಹತ್ತಿರದ ಸಂಬಂಧಿಯಾದ ಪೊಮ್‌ಸಿತೇರಿನ ಚೌ ಸಿಕ್ಕರೆ ಅದನ್ನೇ ಆರಿಸಿ.

6. ಮರಾಕಸ್‌ನಲ್ಲಿ

ಒಂದೂವರೆ, ಎರಡು ಗಂಟೆಗೆ ತಲುಪುತ್ತೀರಿ. ಹಸಿರು ಬೆಟ್ಟದ ಬುಡದಲ್ಲಿ ಅರ್ಧಚಂದ್ರದಂಥ ಮರಳು, ಹಿಂದೆ ತೆಂಗಿನ ಸಾಲು. ಬಟ್ಟೆ ಬದಲಿಸುವ ಕೋಣೆ, ಶೌಚಾಲಯಗಳಿವೆ, ಚಿಲ್ಲರೆ ಇಟ್ಟುಕೊಳ್ಳಿ.

ನೀರು ನೋಡಲು ಸುಂದರ, ಇಳಿದರೆ ಬಲಶಾಲಿ. ಅಲೆಗಳು ಎತ್ತರ, ಜೊತೆಗೆ ಸೆಳೆತವಿದೆ. ದಡಕ್ಕೆ ಬಂದ ನೀರು ಒಂದೇ ಓಣಿಯಲ್ಲಿ ಕಡಲಿಗೆ ವಾಪಸಾಗುವಾಗ ಮನುಷ್ಯನನ್ನೂ ಎಳೆದೊಯ್ಯುತ್ತದೆ, ಅದೇ ಸೆಳೆತ. ಅಲೆ ಒಡೆಯದೆ ಶಾಂತವಾಗಿ, ಕಪ್ಪಗೆ ಕಾಣುವ ಪಟ್ಟಿಯೇ ಹೆಚ್ಚಾಗಿ ಸೆಳೆತದ ಜಾಗ. ಈಜು ಬಾರದವರು ಮೋಸಹೋಗಿ ಇಳಿಯುವುದು ಅಲ್ಲಿಯೇ. ಕೆಂಪು ಬಾವುಟವಿದ್ದರೆ ಇಳಿಯಬೇಡಿ. ಕೆಂಪು-ಹಳದಿ ಬಾವುಟಗಳ ನಡುವೆ, ಜೀವರಕ್ಷಕರ ಕಣ್ಣೆದುರಿಗೆ ಮಾತ್ರ ಇಳಿಯಿರಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಈಜಿ ಸುಸ್ತಾಗಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬನ್ನಿ. ಈಜು ಬಾರದಿದ್ದರೆ ಮೊಣಕಾಲು ನೀರು ಸಾಕು. ಸೀರೆ, ಸಲ್ವಾರ್, ಜೀನ್ಸ್ ತೊಟ್ಟು ನೀರಿಗಿಳಿಯುವ ನಮ್ಮ ಅಭ್ಯಾಸ ಇಲ್ಲಿ ಅಪಾಯಕಾರಿ, ನೆನೆದ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ನೀಲಿ ಬಣ್ಣದ ಗಾಳಿಚೀಲದಂಥದ್ದು ಮರಳಿನ ಮೇಲೆ ಬಿದ್ದಿದ್ದರೆ ಮುಟ್ಟಬೇಡಿ. ಅದು ‘ಪೋರ್ಚುಗೀಸ್ ಮ್ಯಾನ್ ಆಫ್ ವಾರ್’ ಎಂಬ ಕುಟುಕುವ ಜೀವಿ, ಸತ್ತ ಮೇಲೂ ಕುಟುಕುತ್ತದೆ. ಕೆರಿಬಿಯನ್ ತೀರಗಳಲ್ಲಿ ಬೆಳೆಯುವ ಮಂಚಿನೀಲ್ ಮರದ ಹಸಿರು ಹಣ್ಣು ಸಣ್ಣ ಸೇಬಿನಂತೆ ಕಾಣುತ್ತದೆ, ಅದು ವಿಷ. ಮಳೆ ಬಂದಾಗ ಅದರ ಕೆಳಗೆ ನಿಂತರೆ ಎಲೆಯಿಂದ ಸೋರುವ ನೀರೂ ಚರ್ಮ ಸುಡುತ್ತದೆ. ಗುರುತಿಲ್ಲದ ಹಣ್ಣಿಗೆ ಮಕ್ಕಳು ಕೈಹಾಕದಂತೆ ನೋಡಿಕೊಳ್ಳಿ.

ಮರಾಕಸ್‌ನ ಹೆಸರಾದ ತಿಂಡಿ ‘ಬೇಕ್ ಆ್ಯಂಡ್ ಶಾರ್ಕ್’. ಕರಿದ ರೊಟ್ಟಿಯ ನಡುವೆ ಕರಿದ ಶಾರ್ಕ್ ಮೀನು, ಮೇಲೆ ಹುಣಿಸೆ, ಬೆಳ್ಳುಳ್ಳಿ, ಶಾಡೊ ಬೆನಿ ಚಟ್ನಿಗಳನ್ನು ನೀವೇ ಹಾಕಿಕೊಳ್ಳುವುದು. ಶಾರ್ಕ್‌ಗಳ ಸಂಖ್ಯೆ ಕುಸಿಯುತ್ತಿರುವುದರಿಂದ ಪರಿಸರದವರು ಬೇಡ ಎನ್ನುತ್ತಾರೆ. ಮೀನು ತಿನ್ನುವವರು ಅದೇ ರೊಟ್ಟಿಗೆ ಕಿಂಗ್‌ಫಿಶ್ ಕೇಳಿ ತಿನ್ನಬಹುದು. ಚಟ್ನಿಗಳದ್ದೇ ರುಚಿಯಾದ್ದರಿಂದ ನಷ್ಟವೇನಿಲ್ಲ.

ಮುಂದೆ ಕೆಲವೇ ಕಿಲೋಮೀಟರಿನಲ್ಲಿ ಲಾಸ್ ಕ್ವೇವಾಸ್ ತೀರವಿದೆ. ಅಲೆ ಕಡಿಮೆ, ಜನ ಕಡಿಮೆ, ಚಿಕ್ಕ ಮಕ್ಕಳಿದ್ದರೆ ಅದೇ ಮೇಲು. ಆದರೆ ಸಂಜೆ ಮರಳುನೊಣಗಳು ಏಳುತ್ತವೆ. ಕಾಲಿನ ತುಂಬ ದದ್ದು ಎಬ್ಬಿಸುತ್ತವೆ. ನಾಲ್ಕೂವರೆಗೆ ಅಲ್ಲಿಂದ ಎದ್ದುಬಿಡಿ.

ಬೆಲೆಬಾಳುವುದನ್ನು ಕಾರಿನಲ್ಲೋ ಮರಳಿನ ಮೇಲೋ ಬಿಟ್ಟು ಎಲ್ಲರೂ ಒಟ್ಟಿಗೆ ನೀರಿಗಿಳಿಯಬೇಡಿ. ಹವಳ, ಆಮೆಚಿಪ್ಪಿನ ಬಳೆ, ದೊಡ್ಡ ಶಂಖ ಯಾರಾದರೂ ತೋರಿಸಿದರೆ ಕೊಳ್ಳಬೇಡಿ. ಅವು ಸಂರಕ್ಷಿತ ಜೀವಿಗಳು, ಸಿಕ್ಕಿಬಿದ್ದರೆ ಎರಡೂ ದೇಶಗಳಲ್ಲಿ ತೊಂದರೆ.

7. ಐದಕ್ಕೆ ಹೊರಡಿ

ಸೂರ್ಯ ಮುಳುಗುವುದು ಸುಮಾರು ಆರರ ಆಸುಪಾಸಿನಲ್ಲಿ. ಆಮೇಲೆ ಬೇಗ ಕತ್ತಲಾಗುತ್ತದೆ. ಬೆಟ್ಟದ ರಸ್ತೆಯಲ್ಲಿ ದೀಪ ಕಡಿಮೆ. ಐದಕ್ಕೆ ಹೊರಟರೆ ಬೆಳಕಿರುವಾಗಲೇ ಮರವಾಲ್ ಇಳಿಯಬಹುದು. ಮಳೆಗಾಲದಲ್ಲಿ ಗುಡ್ಡ ಜರಿದು ದಾರಿ ಕಟ್ಟುವುದುಂಟು, ಮಧ್ಯಾಹ್ನ ಜೋರು ಮಳೆ ಹಿಡಿದರೆ ಇನ್ನೂ ಮೊದಲೇ ಏಳಿ. ತುರ್ತಿಗೆ ಪೊಲೀಸರ ಸಂಖ್ಯೆ 999, ಆಂಬ್ಯುಲೆನ್ಸ್ 811.

ರಾತ್ರಿ ಶಕ್ತಿ ಉಳಿದಿದ್ದರೆ ಹೋಟೆಲಿನವರನ್ನು ಹತ್ತಿರದ ಪ್ಯಾನ್ ಯಾರ್ಡ್ ಬಗ್ಗೆ ಕೇಳಿ. ಎಣ್ಣೆ ಪೀಪಾಯಿಯ ತಳವನ್ನು ಸುತ್ತಿಗೆಯಿಂದ ಬಡಿದು ತಗ್ಗಿಸಿ, ಸ್ವರಕ್ಕೊಂದು ಉಬ್ಬು ಮೂಡಿಸಿ, ಕಾಯಿಸಿ, ಶ್ರುತಿ ಮಾಡಿದ ‘ಸ್ಟೀಲ್ ಪ್ಯಾನ್’ ವಾದ್ಯ ಹುಟ್ಟಿದ್ದು ಈ ಊರಿನಲ್ಲೇ. ಅದರ ತಂಡಗಳು ಅಭ್ಯಾಸ ಮಾಡುವ ಅಂಗಳವೇ ಪ್ಯಾನ್ ಯಾರ್ಡ್. ಕಾರ್ನಿವಲ್‌ಗೆ ಮುಂಚಿನ ವಾರಗಳಲ್ಲಿ ಅಲ್ಲಿ ದಿನವೂ ಅಭ್ಯಾಸವಿರುತ್ತದೆ. ಹೋಗುವಾಗಲೂ ಬರುವಾಗಲೂ ಗೊತ್ತಿರುವ ಚಾಲಕನ ಕಾರಿನಲ್ಲೇ ಹೋಗಿ.

ಹಡಗಿನಲ್ಲಿ ಬಂದವರಿಗೆ

ನಿಮ್ಮ ಹಡಗು ಬೆಳಿಗ್ಗೆ ಬಂದು ಸಂಜೆ ಐದಕ್ಕೆ ಹೊರಡುವುದಾದರೆ ಮೇಲಿನ ಇಡೀ ಸುತ್ತು ಆಗುವುದಿಲ್ಲ. ಗುಡಿಗಳನ್ನೂ ರೊಟ್ಟಿ ಅಂಗಡಿಯನ್ನೂ ಬಿಟ್ಟು, ಚೇಸ್ ವಿಲೇಜ್‌ನಲ್ಲಿ ಒಂದು ಗಂಟೆ, ಮರಾಕಸ್‌ನಲ್ಲಿ ಒಂದೂವರೆ ಗಂಟೆ ಎಂದು ಚಾಲಕನಿಗೆ ಹೇಳಿಬಿಡಿ. ಹಡಗು ಬಿಡುವುದಕ್ಕೆ ಎರಡು ಗಂಟೆ ಮೊದಲು ಬಂದರಿನಲ್ಲಿರಬೇಕು ಎಂಬ ಷರತ್ತೂ ಇರಲಿ. ಹಡಗಿನ ಗಡಿಯಾರ ಮತ್ತು ಊರಿನ ಗಡಿಯಾರ ಬೇರೆಯಾಗಿರಬಹುದು, ಇಳಿಯುವಾಗಲೇ ಕೇಳಿಕೊಳ್ಳಿ. ಹಡಗಿನಿಂದ ಇಳಿದು ಅಮೆರಿಕದಲ್ಲಿ ಒಂದು ವಾರಕ್ಕೂ ಹೆಚ್ಚು ಕಾಲ ಇದ್ದು ಆಮೇಲೆ ಭಾರತಕ್ಕೆ ಮರಳುವವರಿಗೆ ಹಳದಿ ಜ್ವರದ ಆರು ದಿನಗಳ ನಿಯಮ ಅಡ್ಡಬರುವುದಿಲ್ಲ. ಹಡಗಿನ ಕಂಪನಿ ತನ್ನದೇ ನಿಯಮ ಇಟ್ಟಿದ್ದರೆ ಮಾತ್ರ ಅದನ್ನು ಬುಕಿಂಗ್ ಸಮಯದಲ್ಲೇ ವಿಚಾರಿಸಿ.